ಡೆಟ್ರಾಯಿಟ್ ಅಂದ್ರೆ ಬರೀ ಕಾರಾ? ಈ ಊರಿನ ಜಾಝ್ ಕಲಾವಿದರ ಬಗ್ಗೆ ಗೊತ್ತಿರೋರು ಹೇಳಿ

ನೋವೈ ಮನೆ
ಎಲ್ಲರಿಗೂ ನಮಸ್ಕಾರ. ಒಂದು ಸಹಾಯ ಬೇಕಿತ್ತು. ನಾವು ಡೆಟ್ರಾಯಿಟ್ ಪಕ್ಕದ ನೋವೈಗೆ ಬಂದು ಹನ್ನೊಂದು ವರ್ಷ ಆಯ್ತು. ಬಂದ ದಿನದಿಂದ ಕೇಳಿದ್ದು ಕಾರು, ಕಾರು, ಕಾರು. ಮನೆಯವರ ಕೆಲಸವೂ ಕಾರಿಂದೇ, ಪಕ್ಕದ ಮನೆಯವರದ್ದೂ ಅದೇ. ಈಗ ಏಳನೇ ಕ್ಲಾಸಿನ ಮಗಳು ಸ್ಕೂಲ್ ಬ್ಯಾಂಡಿನಲ್ಲಿ ಆಲ್ಟೊ ಸ್ಯಾಕ್ಸೊಫೋನ್ ನುಡಿಸ್ತಾಳೆ. ಬ್ಯಾಂಡ್ ಮೇಷ್ಟ್ರು ಎಲ್ಲರಿಗೂ ಒಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ. ಡೆಟ್ರಾಯಿಟ್ ಮೂಲದ ಒಬ್ಬ ಜಾಝ್ ಕಲಾವಿದರನ್ನ ಆರಿಸ್ಕೊಂಡು ಹತ್ತು ನಿಮಿಷ ಮಾತಾಡಬೇಕು, ಅವರದ್ದೊಂದು ರೆಕಾರ್ಡಿಂಗ್ ಕೇಳಿಸಬೇಕು.

ನಾನು ಊರಲ್ಲಿ ಎಂಟು ವರ್ಷ ವೀಣೆ ಕಲಿತವಳು. ಜಾಝ್ ಅಂದ್ರೆ ನ್ಯೂ ಆರ್ಲಿಯನ್ಸು, ನ್ಯೂಯಾರ್ಕು, ಅಷ್ಟೇ ಅಂದ್ಕೊಂಡಿದ್ದೆ. ನಿನ್ನೆ ರಾತ್ರಿ ಹುಡುಕೋಕೆ ಕೂತರೆ ಹೆಸರುಗಳು ಮುಗೀತಾನೇ ಇಲ್ಲ. ಅದರಲ್ಲೂ ಒಬ್ಬರು ಹುಟ್ಟಿದ್ದು ಪಿಟ್ಸ್‌ಬರ್ಗ್, ಇನ್ನೊಬ್ಬರು ಚಟನೂಗ, ಮತ್ತೊಬ್ಬರು ಪಾಂಟಿಯಾಕ್. ಇವರಲ್ಲಿ ಯಾರನ್ನ ಈ ಊರಿನವರು ಅನ್ನಬೇಕು? ಒಂದೇ ಊರಿಂದ ಇಷ್ಟು ಜನ ಯಾಕೆ ಬಂದ್ರು? ಮಗಳಿಗಿಂತ ನನಗೇ ಕುತೂಹಲ ಜಾಸ್ತಿ ಆಗಿದೆ.

ಮಂದ್ರ ಷಡ್ಜ
ಸರಿಯಾದ ಜಾಗಕ್ಕೆ ಬಂದ್ರಿ ಅಕ್ಕ. ಒಂದು ಕೆಲಸ ಮಾಡಿ. 1956ರಿಂದ 1965ರ ಒಳಗಿನ ಯಾವುದಾದ್ರೂ ಹೆಸರುವಾಸಿ ಜಾಝ್ ರೆಕಾರ್ಡ್ ತಗೊಂಡು ಹಿಂಬದಿ ತಿರುಗಿಸಿ, ಯಾರ‍್ಯಾರು ನುಡಿಸಿದ್ದಾರೆ ನೋಡಿ.

ಸನ್ನಿ ರಾಲಿನ್ಸ್ ಅವರ ‘ಸ್ಯಾಕ್ಸೊಫೋನ್ ಕೊಲೋಸಸ್’, 1956: ಪಿಯಾನೊ ಟಾಮಿ ಫ್ಲಾನಗನ್, ಬೇಸ್ (ನಿಲ್ಲಿಸಿ ನುಡಿಸೋ ಮಂದ್ರಸ್ವರದ ದೊಡ್ಡ ತಂತಿವಾದ್ಯ) ಡಗ್ ವಾಟ್ಕಿನ್ಸ್. ಇಬ್ಬರೂ ಡೆಟ್ರಾಯಿಟ್. ಜಾನ್ ಕೋಲ್ಟ್ರೇನ್ ಅವರ ‘ಬ್ಲೂ ಟ್ರೇನ್’, 1957: ಟ್ರಾಂಬೋನ್ ಕರ್ಟಿಸ್ ಫುಲ್ಲರ್, ಬೇಸ್ ಪಾಲ್ ಚೇಂಬರ್ಸ್. ಇಬ್ಬರೂ ಡೆಟ್ರಾಯಿಟ್. ಅವರದೇ, 1959ರಲ್ಲಿ ಮುದ್ರಿಸಿದ ‘ಜೈಂಟ್ ಸ್ಟೆಪ್ಸ್’: ಮತ್ತೆ ಫ್ಲಾನಗನ್, ಮತ್ತೆ ಚೇಂಬರ್ಸ್. ಅದೇ ವರ್ಷದ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಶುರುವಾಗೋದೇ ಚೇಂಬರ್ಸ್ ಬೇಸ್ ಜೊತೆ. ಮತ್ತೆ ಕೋಲ್ಟ್ರೇನ್ ಅವರ, 1964ರ ‘ಎ ಲವ್ ಸುಪ್ರೀಮ್’: ಡ್ರಮ್ಸ್ ಎಲ್ವಿನ್ ಜೋನ್ಸ್, ಡೆಟ್ರಾಯಿಟ್ ಹತ್ತಿರದ ಪಾಂಟಿಯಾಕಿನವರು.

ಮುಖಪುಟದ ಹೆಸರು ಬೇರೆಯವರದ್ದು. ಪಕ್ಕವಾದ್ಯದವರು ಡೆಟ್ರಾಯಿಟಿನವರು. ವೀಣೆ ಕಲಿತವರಿಗೆ ನಾನು ಹೇಳಬೇಕಾಗಿಲ್ಲ, ಮೃದಂಗ ಕೈಕೊಟ್ಟರೆ ಕಛೇರಿ ಏನಾಗುತ್ತೆ ಅಂತ.

ರೆಕಾರ್ಡ್ ಸಂತೆ
ಪಾಲ್ ಚೇಂಬರ್ಸ್ ಹುಟ್ಟಿದ್ದು ಪಿಟ್ಸ್‌ಬರ್ಗಿನಲ್ಲಿ, 1935. ತಿದ್ದಿಕೊಳ್ಳಿ.

ಮಂದ್ರ ಷಡ್ಜ
ಹುಟ್ಟಿದ್ದು ಅಲ್ಲಿ, ಒಪ್ಪಿದೆ. ಬೇಸ್ ಕೈಗೆ ಬಂದಿದ್ದು ಎಲ್ಲಿ? ಡೆಟ್ರಾಯಿಟ್. ಓದಿದ್ದು ಎಲ್ಲಿ? ಇಲ್ಲಿನ ಕ್ಯಾಸ್ ಟೆಕ್ ಹೈಸ್ಕೂಲು. ಜೊತೆಗಿದ್ದ ಡಗ್ ವಾಟ್ಕಿನ್ಸ್ ಯಾರು? ಅವರದೇ ಕಸಿನ್, ಡೆಟ್ರಾಯಿಟಿನಲ್ಲಿ ಹುಟ್ಟಿದವರು. ಇಬ್ಬರೂ ಚಿಕ್ಕ ವಯಸ್ಸಲ್ಲೇ ಹೋದ್ರು. ವಾಟ್ಕಿನ್ಸ್ 1962ರಲ್ಲಿ ಕಾರ್ ಅಪಘಾತದಲ್ಲಿ, ಚೇಂಬರ್ಸ್ 1969ರಲ್ಲಿ, 33ನೇ ವಯಸ್ಸಿಗೆ. ಇಪ್ಪತ್ತರ ಹರೆಯದಲ್ಲೇ ಇಬ್ಬರೂ ಆ ಕಾಲದ ದೊಡ್ಡ ದೊಡ್ಡ ರೆಕಾರ್ಡುಗಳಲ್ಲಿ ಬೇಸ್ ಹಿಡಿದು ನಿಂತಿದ್ದರು. ನಾನು ಬೇಸ್ ಕಲಿಯೋನು. ಚೇಂಬರ್ಸ್ ಬಿಲ್ಲು ಹಿಡಿದು ನುಡಿಸೋ ಸೋಲೊಗಳನ್ನ ಕೇಳಿದಾಗಲೆಲ್ಲ ಹೊಟ್ಟೆ ಕಿವುಚಿದ ಹಾಗಾಗುತ್ತೆ.

ಧಾರವಾಡದಾಂವ
ನಾ ಹೇಳೂದು ಕೇಳ್ರಿ. ಮನಷ್ಯಾ ಎಲ್ಲಿ ಹುಟ್ಟಿದಾ ಅನ್ನೂದು ಆಸ್ಪತ್ರಿ ರಜಿಸ್ಟರದಾಗ ಬರಿಯೂ ಮಾತು. ವಿದ್ಯಾ ಎಲ್ಲಿ ಕಲ್ತಾ, ಕಿವಿ ಎಲ್ಲಿ ತಯಾರಾತು, ಅದು ಅವನ ಊರು. ಹಂಗ ನೋಡಿದ್ರ ಬೆಟ್ಟಿ ಕಾರ್ಟರ್ ಹುಟ್ಟಿದ್ದು ಫ್ಲಿಂಟ್‌ನಾಗ, ಬೆಳದದ್ದು ಡೆಟ್ರಾಯಿಟ್‌ನಾಗ. ಯೂಸುಫ್ ಲತೀಫ್ ಹುಟ್ಟಿದ್ದು ಟೆನೆಸ್ಸಿಯ ಚಟನೂಗದಾಗ, ಬೆಳದದ್ದು ಡೆಟ್ರಾಯಿಟ್‌ನಾಗ. ಚಾರ್ಲ್ಸ್ ಮ್ಯಾಕ್‌ಫರ್ಸನ್ ಹುಟ್ಟಿದ್ದು ಮಿಸೌರಿ. ಇವರನ್ನೆಲ್ಲಾ ತಗದ್ರ ಉಳಿಯೂದು ಏನ್ರಿ?

ರೆಕಾರ್ಡ್ ಸಂತೆ
ಟಾಮಿ ಫ್ಲಾನಗನ್, ಬ್ಯಾರಿ ಹ್ಯಾರಿಸ್, ರೋಲಂಡ್ ಹ್ಯಾನಾ, ಕೆನ್ನಿ ಬರೆಲ್, ಡೊನಾಲ್ಡ್ ಬರ್ಡ್, ಮಿಲ್ಟ್ ಜಾಕ್ಸನ್, ಆಲಿಸ್ ಕೋಲ್ಟ್ರೇನ್, ಡೊರೊಥಿ ಆಶ್ಬಿ, ಶೀಲಾ ಜೋರ್ಡನ್, ಲೂಯಿಸ್ ಹೇಸ್. ಎಲ್ಲರೂ ಡೆಟ್ರಾಯಿಟಿನಲ್ಲೇ ಹುಟ್ಟಿದವರು. ಇಷ್ಟು ಸಾಲದಾ ಗುರುಗಳೇ?

ಧಾರವಾಡದಾಂವ
ಹೌದ್ರಿ, ಸೋತೆ. ಆದ್ರ ಲತೀಫ್ ಅವರನ್ನ ಬಿಟ್ಟು ಕೊಡಂಗಿಲ್ಲ.

ಕರಾವಳಿ ಕಿವಿ
ಮೈಲ್ಸ್ ಡೇವಿಸ್ ಕೂಡ ಡೆಟ್ರಾಯಿಟಿನವರೇ ಅಲ್ವಾ? ಎಲ್ಲೋ ಓದಿದ ನೆನಪು.

ಮಂದ್ರ ಷಡ್ಜ
ಅಲ್ಲ. ಇಲಿನಾಯ್ ರಾಜ್ಯದ ಆಲ್ಟನ್‌ನಲ್ಲಿ ಹುಟ್ಟಿ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ಬೆಳೆದವರು. 1953–54ರಲ್ಲಿ ಹೆರಾಯಿನ್ ಚಟ ಬಿಡೋಕೆ ಒದ್ದಾಡ್ತಿದ್ದಾಗ ಕೆಲವು ತಿಂಗಳು ಡೆಟ್ರಾಯಿಟಿನಲ್ಲಿದ್ದರು, ಬ್ಲೂ ಬರ್ಡ್ ಇನ್ ಅನ್ನೋ ಕ್ಲಬ್ಬಿನಲ್ಲಿ ಸ್ಥಳೀಯರ ಜೊತೆ ನುಡಿಸಿದರು. ಮಳೆಯಲ್ಲಿ ನೆನೆದು ಬಂದು ಬೇಕರ್ಸ್ ಕೀಬೋರ್ಡ್ ಲೌಂಜ್ ಅನ್ನೋ ಇನ್ನೊಂದು ಕ್ಲಬ್ಬಿನಲ್ಲಿ ಟ್ರಂಪೆಟ್ ವಾದಕ ಕ್ಲಿಫರ್ಡ್ ಬ್ರೌನ್ ಅವರ ಕಛೇರಿ ಮಧ್ಯೆ ವೇದಿಕೆ ಹತ್ತಿದರು ಅಂತ ಒಂದು ಕಥೆ ಓಡಾಡುತ್ತೆ. ಮೈಲ್ಸ್ ತಮ್ಮ ಆತ್ಮಕಥೆಯಲ್ಲಿ ಅದನ್ನ ಅಲ್ಲಗಳೆದಿದ್ದಾರೆ. ಮಗಳ ಪ್ರಾಜೆಕ್ಟಿಗೆ ದಯವಿಟ್ಟು ಹಾಕಬೇಡಿ.

ಹಳೇ ಮೇಡಮ್
ಯಾಕೆ ಇಷ್ಟು ಜನ ಅನ್ನೋ ಪ್ರಶ್ನೆಗೆ ನನ್ನ ಉತ್ತರ ಒಂದೇ ಮಾತು: ಸರ್ಕಾರಿ ಶಾಲೆ. ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಮೂವತ್ತು ವರ್ಷ ಇದ್ದೀನಿ, ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದೀನಿ, ಆದ್ದರಿಂದ ಸ್ವಲ್ಪ ಉದ್ದ ಬರೆದರೆ ಬೇಜಾರು ಮಾಡ್ಕೋಬೇಡಿ.

ಕ್ಯಾಸ್ ಟೆಕ್ನಿಕಲ್ ಹೈಸ್ಕೂಲ್ ಅಂತ ಒಂದು ಶಾಲೆ ಇದೆ, ಈಗಲೂ ಇದೆ. ಮರಗೆಲಸ, ಯಂತ್ರಕೆಲಸ ಕಲಿಸೋ ಹಾಗೆಯೇ ಅಲ್ಲಿ ಸಂಗೀತವನ್ನೂ ಒಂದು ಕಸುಬು ಅಂತ ಕಲಿಸುತ್ತಿದ್ದರು. ಆರ್ಕೆಸ್ಟ್ರಾ ಇತ್ತು, ಹಾರ್ಪ್‌ಗಳಿದ್ದವು. ಹಾರ್ಪ್ ಅಂದ್ರೆ ಆಳೆತ್ತರದ ತಂತಿವಾದ್ಯ, ಅದು ಸಾಮಾನ್ಯ ಮನೆಯವರು ಕೊಳ್ಳೋ ವಾದ್ಯವಾ? ಕಾರ್ಖಾನೆ ಕೂಲಿಯವರ ಮಕ್ಕಳ ಕೈಗೆ ಆ ವಾದ್ಯ ಸಿಕ್ಕಿದ್ದು ಶಾಲೆ ಇದ್ದಿದ್ದಕ್ಕೆ. ಡೊರೊಥಿ ಆಶ್ಬಿ ಅಲ್ಲಿ ಓದಿದವರು. ರಾನ್ ಕಾರ್ಟರ್, ಪಾಲ್ ಚೇಂಬರ್ಸ್, ಡೊನಾಲ್ಡ್ ಬರ್ಡ್, ರೋಲಂಡ್ ಹ್ಯಾನಾ, ಮುಂದಿನ ತಲೆಮಾರಿನ ಜೆರಿ ಆಲನ್, ಪಿಟೀಲಿನ ರೆಜೀನಾ ಕಾರ್ಟರ್, ಎಲ್ಲ ಅಲ್ಲಿನವರೇ. ಮಿಲ್ಲರ್ ಹೈಸ್ಕೂಲಿನಲ್ಲಿ ಮಿಲ್ಟ್ ಜಾಕ್ಸನ್, ಯೂಸುಫ್ ಲತೀಫ್, ಕೆನ್ನಿ ಬರೆಲ್. ನಾರ್ದರ್ನ್ ಹೈಸ್ಕೂಲಿನಲ್ಲಿ ಟಾಮಿ ಫ್ಲಾನಗನ್.

ರಾನ್ ಕಾರ್ಟರ್ ಕಥೆಯನ್ನ ಮಗಳಿಗೆ ಹೇಳಿ. ಹತ್ತನೇ ವಯಸ್ಸಿಗೆ ಚೆಲ್ಲೊ ಹಿಡಿದ ಹುಡುಗ. ಹೈಸ್ಕೂಲಿನಲ್ಲಿ ಎಷ್ಟೇ ಚೆನ್ನಾಗಿ ನುಡಿಸಿದರೂ ಹೊರಗಿನ ಕಾರ್ಯಕ್ರಮಗಳಿಗೆ ಕರೆ ಹೋಗ್ತಿದ್ದಿದ್ದು ಬಿಳಿಯ ಹುಡುಗರಿಗೆ. ಶಾಲೆಯ ಒಬ್ಬನೇ ಬೇಸ್ ವಾದಕ ಪಾಸಾಗಿ ಹೊರಡ್ತಾನೆ ಅಂತ ಗೊತ್ತಾದಾಗ, ಆಗಲಾದರೂ ನನ್ನನ್ನ ಕರೀಲೇಬೇಕಲ್ಲ ಅಂತ ಚೆಲ್ಲೊ ಬಿಟ್ಟು ಬೇಸ್ ಹಿಡಿದರು. 2015ರಲ್ಲಿ ಗಿನ್ನೆಸ್ ದಾಖಲೆ ಬಂತು: 2,221 ರೆಕಾರ್ಡಿಂಗ್‌ಗಳಲ್ಲಿ ಬೇಸ್ ನುಡಿಸಿದವರು.

ವುಡ್‌ವರ್ಡ್ ರಸ್ತೆ
ಮೇಡಮ್ ಹೇಳಿದ್ದು ಸರಿ, ಆದ್ರೆ ಅರ್ಧ. ಶಾಲೆ ಬೇರೆ ಊರುಗಳಲ್ಲೂ ಇತ್ತು. ಡೆಟ್ರಾಯಿಟಿನಲ್ಲಿ ಸಂಬಳ ಇತ್ತು. 1914ರಲ್ಲಿ ಫೋರ್ಡ್ ದಿನಕ್ಕೆ ಐದು ಡಾಲರ್ ಅಂತ ಸಾರಿದ ಮೇಲೆ ದಕ್ಷಿಣದಿಂದ ರೈಲು ತುಂಬ ಜನ ಬಂದರು. 1910ರಲ್ಲಿ ಇಲ್ಲಿ ಕಪ್ಪು ಜನಸಂಖ್ಯೆ ಆರು ಸಾವಿರವೂ ಇರಲಿಲ್ಲ, 1950ರ ಹೊತ್ತಿಗೆ ಮೂರು ಲಕ್ಷ. ಕಾರ್ಖಾನೆ ಸಂಬಳದಲ್ಲಿ ಕಂತಿನ ಮೇಲೆ ಪಿಯಾನೊ ತರಬಹುದಿತ್ತು. ಮನೆಯಲ್ಲಿ ಪಿಯಾನೊ, ಭಾನುವಾರ ಚರ್ಚಿನಲ್ಲಿ ಆರ್ಗನ್, ಸೋಮವಾರ ಶಾಲೆ. ಈ ಊರಿಂದ ಅಷ್ಟೊಂದು ಪಿಯಾನೊದವರು ಬಂದಿದ್ದು ಸುಮ್ಮನೆ ಅಲ್ಲ. ಮತ್ತೆ ಶನಿವಾರ ರಾತ್ರಿ ಟಿಕೆಟ್ ಕೊಂಡು ಕೇಳೋಕೆ ಬರೋ ಜನರ ಜೇಬಲ್ಲೂ ದುಡ್ಡು ಇತ್ತು. ಕೇಳುಗರಿಲ್ಲದೆ ಕಲಾವಿದ ಎಲ್ಲಿಂದ ಬರ್ತಾನೆ?

ಹಳೇ ಮೇಡಮ್
ಕಾರ್ಖಾನೆಗೆ ಅಷ್ಟು ಆರತಿ ಎತ್ತಬೇಡಪ್ಪ. ಸಂಬಳ ಕೊಟ್ಟರು, ಮನೆ ಎಲ್ಲಿ ಕೊಳ್ಳಬೇಕು ಅನ್ನೋದನ್ನ ಊರು ತೀರ್ಮಾನ ಮಾಡಿತ್ತು. ಬ್ಲ್ಯಾಕ್ ಬಾಟಮ್, ಪ್ಯಾರಡೈಸ್ ವ್ಯಾಲಿ ಅನ್ನೋ ಬಡಾವಣೆಗಳನ್ನ ಬಿಟ್ಟು ಹೊರಗೆ ಕಪ್ಪು ಜನರಿಗೆ ಬಾಡಿಗೆಗೂ ಮನೆ ಸಿಗೋದು ಕಷ್ಟ ಇತ್ತು.

ವುಡ್‌ವರ್ಡ್ ರಸ್ತೆ
ಅದನ್ನ ನಾನು ಮರೆತಿಲ್ಲ ಮೇಡಮ್. ಬರೆಯೋಕೇ ಸಂಕಟ ಆಗುತ್ತೆ ಅಂತ ಬಿಟ್ಟಿದ್ದೆ, ಈಗ ಬರೀತೀನಿ.

ಬ್ಲ್ಯಾಕ್ ಬಾಟಮ್ ಅನ್ನೋ ಹೆಸರು ಬಂದಿದ್ದು ಅಲ್ಲಿನ ಕಪ್ಪು ಮಣ್ಣಿನಿಂದ, ಫ್ರೆಂಚರು ಬೇಸಾಯ ಮಾಡ್ತಿದ್ದ ಕಾಲದಲ್ಲಿ. ಅದರ ಬೆನ್ನುಮೂಳೆ ಹೇಸ್ಟಿಂಗ್ಸ್ ಸ್ಟ್ರೀಟ್. ಕ್ಷೌರದಂಗಡಿ, ಚರ್ಚು, ಹೋಟೆಲು, ಸಾಲು ಸಾಲು ಕ್ಲಬ್ಬು. ನಗರ ಸುಧಾರಣೆ ಅಂತ ಹೇಳಿ 1950ರ ದಶಕದಿಂದ ಕೆಡವುತ್ತಾ ಬಂದರು. ಹೇಸ್ಟಿಂಗ್ಸ್ ಬೀದಿ ಇದ್ದ ಕಡೆ ಕ್ರೈಸ್ಲರ್ ಫ್ರೀವೇ ಬಂತು. ಅದರ ಐ–375 ಅನ್ನೋ ತುಂಡು 1964ರಲ್ಲಿ ತೆರೀತು. ನಾನು ಕೆಲಸಕ್ಕೆ ಹೋಗೋದು ಅದರ ಮೇಲೇ. ಮೊದಲ ಆರು ವರ್ಷ ಗೊತ್ತೇ ಇರಲಿಲ್ಲ. ಒಂದು ದಿನ ಹಳೇ ನಕ್ಷೆಯನ್ನ ಈಗಿನ ನಕ್ಷೆ ಮೇಲಿಟ್ಟು ನೋಡಿದೆ. ಮಾರನೇ ದಿನ ಕಾರಿನ ರೇಡಿಯೊ ಹಾಕೋಕೆ ಮನಸ್ಸು ಬರಲಿಲ್ಲ.

ಕರಾವಳಿ ಕಿವಿ
ಹಾಗಾದ್ರೆ ಆ ಕಾಲದ್ದು ಒಂದೂ ಉಳಿದಿಲ್ವಾ?

ಮಂದ್ರ ಷಡ್ಜ
ಉಳಿದಿದೆ. ಪಶ್ಚಿಮ ಭಾಗದ ಟೈರ್‌ಮನ್ ರಸ್ತೆಯಲ್ಲಿ ಬ್ಲೂ ಬರ್ಡ್ ಇನ್ ಕಟ್ಟಡ ಇದೆ. 1950ರ ದಶಕದ ಆರಂಭದಲ್ಲಿ ಅಲ್ಲಿನ ಖಾಯಂ ತಂಡ ಯಾರದ್ದು ಗೊತ್ತಾ? ಸ್ಯಾಕ್ಸೊಫೋನಿನ ಬಿಲ್ಲಿ ಮಿಚೆಲ್, ಟ್ರಂಪೆಟ್ ಥ್ಯಾಡ್ ಜೋನ್ಸ್, ಡ್ರಮ್ಸ್ ಎಲ್ವಿನ್ ಜೋನ್ಸ್, ಪಿಯಾನೊ ಕೆಲವೊಮ್ಮೆ ಫ್ಲಾನಗನ್, ಕೆಲವೊಮ್ಮೆ ಟೆರಿ ಪೊಲ್ಲಾರ್ಡ್. ಬೀದಿ ತಿರುವಿನ ಕ್ಲಬ್ಬಿನಲ್ಲಿ ವಾರವಾರ ಇಂಥ ತಂಡ! ಡೆಟ್ರಾಯಿಟ್ ಸೌಂಡ್ ಕನ್ಸರ್ವೆನ್ಸಿಯವರು ಕಟ್ಟಡ ಕೊಂಡು ಉಳಿಸೋ ಕೆಲಸ ಮಾಡ್ತಿದ್ದಾರೆ.

ನ್ಯೂಜೆರ್ಸಿ ರಾತ್ರಿಪಾಳಿ
ಇಷ್ಟು ಹೊತ್ತಾದ್ರೂ ಬ್ಯಾರಿ ಹ್ಯಾರಿಸ್ ಬಗ್ಗೆ ಯಾರೂ ನಾಲ್ಕು ಸಾಲು ಬರೆದಿಲ್ಲ, ಬರೀ ಪಟ್ಟಿಯಲ್ಲಿ ಒಂದು ಹೆಸರು. ಆದ್ದರಿಂದ ನಾನು ಬರೀತೀನಿ.

1929ರಲ್ಲಿ ಹುಟ್ಟಿದವರು. ಇಪ್ಪತ್ತರ ಹರೆಯದಲ್ಲೇ ಅವರ ಮನೆ ಊರಿನ ಹುಡುಗರಿಗೆಲ್ಲ ಪಾಠಶಾಲೆ. ಹಗಲೆಲ್ಲ ಯಾರಾದರೊಬ್ಬರು ಪಿಯಾನೊ ಪಕ್ಕ ನಿಂತಿರ‍್ತಿದ್ದರು. ಹತ್ತಿರದಲ್ಲೇ ಮನೆ ಇದ್ದ ಹುಡುಗ ಚಾರ್ಲ್ಸ್ ಮ್ಯಾಕ್‌ಫರ್ಸನ್, ಆಲ್ಟೊ ಸ್ಯಾಕ್ಸೊಫೋನ್. ಅಕ್ಕ, ನಿಮ್ಮ ಮಗಳದ್ದೂ ಆಲ್ಟೊ ಅಂದ್ರಲ್ಲ, ಇದನ್ನ ಓದಿಸಿ. ಒಂದು ದಿನ ಹ್ಯಾರಿಸ್ ಆ ಹುಡುಗನ ಸ್ಕೂಲ್ ಮಾರ್ಕ್ಸ್ ಕಾರ್ಡ್ ನೋಡಿದರು. ಎಲ್ಲ ಸಿ. ನೀನು ತೀರಾ ಸಾಧಾರಣ ಅಲ್ವೇನೋ, ನೀನು ಆರಾಧಿಸೋ ಚಾರ್ಲಿ ಪಾರ್ಕರ್ ಸಾಧಾರಣ ಮನುಷ್ಯ ಅಲ್ಲ, ಸಾಧಾರಣ ತಲೆ ಇಟ್ಕೊಂಡು ಈ ಸಂಗೀತ ನುಡಿಸೋಕಾಗಲ್ಲ ಅನ್ನೋ ಅರ್ಥದಲ್ಲಿ ಹೇಳಿದರು. ಹುಡುಗ ಅವತ್ತಿಂದ ಓದೋಕೆ ಕೂತ, ಮಾರ್ಕ್ಸೂ ಬದಲಾಯ್ತು. ಮ್ಯಾಕ್‌ಫರ್ಸನ್ ಈ ಕಥೆಯನ್ನ ತಾವೇ ಎಷ್ಟೋ ಸಲ ಹೇಳಿದ್ದಾರೆ.

ಹ್ಯಾರಿಸ್ 1960ರಲ್ಲಿ ನ್ಯೂಯಾರ್ಕಿಗೆ ಹೋದರು. ವಾರವಾರ ಅಲ್ಲಿ ಕ್ಲಾಸ್ ನಡೆಸುತ್ತಿದ್ದರು, ಯಾರು ಬೇಕಾದ್ರೂ ಬರಬಹುದಿತ್ತು. ನಾನು ಸುಮಾರು ಎರಡು ವರ್ಷ ಹೋಗಿದ್ದೀನಿ. ಪಿಯಾನೊ ಸುತ್ತ ಜನ ಮೂರು ಸುತ್ತು ನಿಂತಿರೋರು, ಹದಿನೇಳರ ಹುಡುಗಿಯಿಂದ ಎಪ್ಪತ್ತರ ಅಜ್ಜನವರೆಗೆ. ತಪ್ಪು ನುಡಿಸಿದರೆ ಕೈ ನಿಲ್ಲಿಸಿ ಮತ್ತೆ ಮೊದಲಿಂದ. 2021ರ ಡಿಸೆಂಬರ್ 8ರಂದು ತೀರಿಕೊಂಡರು, 92 ತುಂಬೋಕೆ ಒಂದು ವಾರ ಇತ್ತು. ಆ ರಾತ್ರಿ ನಾನು ಪಾಳಿಗೆ ರಜಾ ಹಾಕಿದೆ.

ನೋವೈ ಮನೆ
ಓದಿ ಕಣ್ಣು ತುಂಬಿತು. ಅವರು ಏನು ಕಲಿಸ್ತಿದ್ರು, ಕರ್ನಾಟಕ ಸಂಗೀತ ಗೊತ್ತಿರೋರಿಗೆ ಅರ್ಥ ಆಗೋ ಹಾಗೆ ಹೇಳೋಕಾಗುತ್ತಾ?

ನ್ಯೂಜೆರ್ಸಿ ರಾತ್ರಿಪಾಳಿ
ಖಂಡಿತ. ಧೀರ ಶಂಕರಾಭರಣದ ಸ್ವರಸ್ಥಾನ ತಗೊಳ್ಳಿ. ಸ ರಿ೨ ಗ೩ ಮ೧ ಪ ದ೨ ನಿ೩. ಈಗ ಪಂಚಮಕ್ಕೂ ಚತುಶ್ರುತಿ ಧೈವತಕ್ಕೂ ನಡುವೆ ಶುದ್ಧ ಧೈವತ ಒಂದನ್ನ ಸೇರಿಸಿ. ಒಟ್ಟು ಎಂಟು ಸ್ವರ ಆಯ್ತು. ಈಗ ಒಂದು ಬಿಟ್ಟು ಒಂದು ಹಿಡೀರಿ. ಸ ಗ ಪ ದ೨ ಒಂದು ಗುಂಪು, ರಿ ಮ ದ೧ ನಿ ಇನ್ನೊಂದು ಗುಂಪು. ಮೊದಲನೆಯದು ಮನೆಯಲ್ಲಿ ಕೂತ ಹಾಗೆ, ಅದನ್ನ ಸಿಕ್ಸ್ತ್ ಕಾರ್ಡ್ ಅಂತಾರೆ, ಕಾರ್ಡ್ ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳು. ಎರಡನೆಯದು ಮನೆ ಬಿಟ್ಟು ಹೊರಟ ಹಾಗೆ, ಅದು ಡಿಮಿನಿಷ್ಡ್. ಮೆಟ್ಟಿಲು ಹತ್ತುತ್ತಾ ಹೋದಂತೆ ಮನೆ, ಹೊರಗೆ, ಮನೆ, ಹೊರಗೆ. ಎಂಟು ಸ್ವರ ಇರೋದ್ರಿಂದ ಲೆಕ್ಕವೂ ತಾಳಕ್ಕೆ ಸರಿಯಾಗಿ ಕೂರುತ್ತೆ. ಅವರ ಬೋಧನೆಯ ಬುಡ ಇದು. ಉಳಿದದ್ದೆಲ್ಲ ಈ ಬುಡದಿಂದ ಒಡೆದ ಕೊಂಬೆ.

ತಂಬೂರಿ ತಂತಿ
ಎರಡು ಧೈವತ ಪಕ್ಕಪಕ್ಕ! ನಮ್ಮ ಗುರುಗಳು ಕೇಳಿದ್ರೆ ಎದ್ದು ಹೋಗ್ತಿದ್ರು.

ನ್ಯೂಜೆರ್ಸಿ ರಾತ್ರಿಪಾಳಿ
ಇದು ರಾಗ ಅಲ್ಲ ಸ್ವಾಮಿ, ಕಾರ್ಡುಗಳ ಚಲನೆ ತೋರಿಸೋ ಏಣಿ. ರಾಗದ ನಿಯಮ ಇದಕ್ಕೆ ಹಾಕಬೇಡಿ.

ತಂಬೂರಿ ತಂತಿ
ಸರಿ, ಒಪ್ಪಿದೆ. ಆದ್ರೆ ತಂಬೂರಿ ವಿಷಯ ನನ್ನದು, ಅದನ್ನ ನಾನೇ ಹೇಳಬೇಕು. ಆಲಿಸ್ ಕೋಲ್ಟ್ರೇನ್, ಹುಟ್ಟು 1937, ಡೆಟ್ರಾಯಿಟ್, ತವರುಮನೆ ಹೆಸರು ಮೆಕ್‌ಲೌಡ್. ಹುಡುಗಿಯಾಗಿದ್ದಾಗ ಚರ್ಚಿನಲ್ಲಿ ಪಿಯಾನೊ, ಆರ್ಗನ್ ನುಡಿಸಿದವರು. ಅಣ್ಣ ಅರ್ನೆಸ್ಟ್ ಫ್ಯಾರೊ ಬೇಸ್ ವಾದಕ. 1971ರಲ್ಲಿ ಬಂದ ‘ಜರ್ನಿ ಇನ್ ಸಚ್ಚಿದಾನಂದ’ ಅನ್ನೋ ರೆಕಾರ್ಡಿನಲ್ಲಿ ತಂಬೂರಿ ಶ್ರುತಿ ಹಿಡಿದು ಕೂತಿದೆ, ಮೇಲೆ ಬೇಸು, ಅದರ ಮೇಲೆ ಹಾರ್ಪು ತೊರೆ ಹರಿದ ಹಾಗೆ. ಸ್ವಾಮಿ ಸಚ್ಚಿದಾನಂದರು ಆಕೆಯ ಗುರುಗಳು. ಮುಂದೆ ತುರೀಯಸಂಗೀತಾನಂದ ಅಂತ ಹೆಸರಿಟ್ಟುಕೊಂಡು, ಕ್ಯಾಲಿಫೋರ್ನಿಯಾದಲ್ಲಿ ಆಶ್ರಮ ಕಟ್ಟಿ, ಭಜನೆಗಳನ್ನ ತಾವೇ ಹಾಡಿದರು. ಆ ಭಜನೆಗಳಲ್ಲಿ ಡೆಟ್ರಾಯಿಟಿನ ಚರ್ಚಿನ ಆರ್ಗನ್ ಸ್ಪಷ್ಟವಾಗಿ ಕೇಳುತ್ತೆ. ನಮ್ಮ ಮನೆಯಲ್ಲಿ ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಅದನ್ನೇ ಹಾಕೋದು.

ಕರಾವಳಿ ಕಿವಿ
ಅವರು ಹಾರ್ಪ್ ಕಲಿತಿದ್ದೂ ಮೇಡಮ್ ಹೇಳಿದ ಕ್ಯಾಸ್ ಟೆಕ್‌ನಲ್ಲೇ ಇರಬೇಕು.

ತಂಬೂರಿ ತಂತಿ
ಇಲ್ಲ, ಹಾರ್ಪ್ ಆಕೆಯ ಕೈಗೆ ಬಂದಿದ್ದು ಬಹಳ ತಡವಾಗಿ. ಗಂಡ ಜಾನ್ ಕೋಲ್ಟ್ರೇನ್ ಹಾರ್ಪ್‌ಗೆ ಆರ್ಡರ್ ಕೊಟ್ಟಿದ್ದರು. ಅದು ಮನೆ ಬಾಗಿಲಿಗೆ ಬರೋ ಹೊತ್ತಿಗೆ ಅವರು ತೀರಿಹೋಗಿದ್ದರು, 1967ರಲ್ಲಿ. ನಾಲ್ಕು ಮಕ್ಕಳನ್ನ ಸಾಕ್ತಾ ಆಕೆ ಆ ಹಾರ್ಪ್ ಕಲಿತರು.

ಹಳೇ ಮೇಡಮ್
ಕ್ಯಾಸ್‌ನ ಹಾರ್ಪ್ ಅಂದ್ರೆ ಡೊರೊಥಿ ಆಶ್ಬಿ. ಹಾರ್ಪ್‌ನಲ್ಲಿ ಬೀಬಾಪ್ ಅನ್ನೋ ವೇಗದ ಜಾಝ್ ಶೈಲಿ ನುಡಿಸ್ತೀನಿ ಅಂದರೆ ಕ್ಲಬ್ಬಿನವರು ನಂಬ್ತಿರಲಿಲ್ಲ, ನುಡಿಸಿ ತೋರಿಸಿದರು. 1957ರಲ್ಲಿ ‘ದಿ ಜಾಝ್ ಹಾರ್ಪಿಸ್ಟ್’, 1968ರಲ್ಲಿ ‘ಆಫ್ರೋ–ಹಾರ್ಪಿಂಗ್’. 1976ರ ಸ್ಟೀವಿ ವಂಡರ್ ಆಲ್ಬಮ್ಮಿನ ‘ಇಫ್ ಇಟ್ಸ್ ಮ್ಯಾಜಿಕ್’ ಕೇಳಿ. ಹಾಡೋ ಸ್ವರದ ಜೊತೆ ಇರೋದು ಆಶ್ಬಿಯವರ ಹಾರ್ಪ್ ಮಾತ್ರ.

ಧಾರವಾಡದಾಂವ
ಈಗ ನಮ್ಮ ಲತೀಫ್ ಸಾಹೇಬರು. ಇವರ ಧರ್ಮದ ಕಥಿ ಹಿಂದುಸ್ತಾನಕ್ಕ ಬಂದು ಮುಟ್ಟತದ. ಇವರು ಸೇರಿದ್ದು ಅಹ್ಮದಿಯಾ ಪಂಥ. ಅದರ ಮೂಲ ಪಂಜಾಬದ ಕಾದಿಯಾನ್. ಅಲ್ಲಿಂದ 1920ರಾಗ ಅಮೆರಿಕಾಕ್ಕ ಬಂದ ಮುಫ್ತಿ ಮುಹಮ್ಮದ್ ಸಾದಿಕ್ ಮುಂದಿನ ವರ್ಷ ಡೆಟ್ರಾಯಿಟ್ ಹಂತೇಲೆ ಹೈಲ್ಯಾಂಡ್ ಪಾರ್ಕ್‌ನಾಗ ಪತ್ರಿಕಾ ಚಾಲೂ ಮಾಡಿದ್ರು. ಆಮ್ಯಾಲ ಎಷ್ಟೋ ಜಾಝ್ ಮಂದಿ ಆ ಪಂಥಕ್ಕ ಸೇರಿದ್ರು.

ಲತೀಫ್ ಅವರು ಹಗಲು ಕ್ರೈಸ್ಲರ್ ಕಾರ್ಖಾನಿಯಾಗ ದುಡದು, ರಾತ್ರಿ ಕ್ಲಬ್ಬಿನಾಗ ಸ್ಯಾಕ್ಸ್ ಬಾರಿಸ್ತಿದ್ರು. ಕಾರ್ಖಾನಿಯೊಳಗ ಜೋಡಿ ಕೆಲಸ ಮಾಡೂ ಸಿರಿಯಾದಾಂವ ಒಬ್ಬಾಂವ ರಬಾಬ್ ಅನ್ನೂ ತಂತಿ ವಾದ್ಯದ ಸುದ್ದಿ ಹೇಳಿದಾ. ಅಲ್ಲಿಂದ ಅವರ ಸಂಗೀತದಾಗ ಪೂರ್ವದ ವಾದ್ಯ ಬರಾಕ ಚಾಲೂ ಆದ್ವು. 1961ರ ‘ಈಸ್ಟರ್ನ್ ಸೌಂಡ್ಸ್’ ಕೇಳ್ರಿ, ಅಲ್ಲಿ ಪಿಯಾನೊದ ಮುಂದ ಕೂತಾಂವ ಬ್ಯಾರಿ ಹ್ಯಾರಿಸ್! ಇನ್ನೊಂದು ಮಾತು. ಅವರಿಗೆ ಜಾಝ್ ಅನ್ನೂ ಶಬ್ದಾನ ಸೇರ್ತಿರಲಿಲ್ಲ, ಅದು ತಮ್ಮ ಸಂಗೀತಕ್ಕ ಹಗುರ ಶಬ್ದ ಅಂತ. ಆಟೋಫಿಸಿಯೋಸೈಕಿಕ್ ಅಂತ ತಾವ ಒಂದು ಹೆಸರು ಇಟ್ಟಿದ್ರು. ದೇಹ, ಬುದ್ಧಿ, ಆತ್ಮ ಮೂರೂ ಕೂಡಿ ಬರೂ ಸಂಗೀತ.

ರೆಕಾರ್ಡ್ ಸಂತೆ
ಹಾಗಾದ್ರೆ ಈ ಚರ್ಚೆಯ ಶೀರ್ಷಿಕೆಯಲ್ಲೇ ತಪ್ಪಿದೆ ಅಂತಾಯ್ತು.

ಧಾರವಾಡದಾಂವ
ತಪ್ಪಲ್ಲರಿ. ಎಲ್ವಿನ್, ಫ್ಲಾನಗನ್ ಎಲ್ಲಾ ಆ ಶಬ್ದ ಬಳಸ್ತಿದ್ರು. ಆದ್ರ ಲತೀಫ್ ಅವರ ಬಗ್ಗೆ ಮಾತಾಡುವಾಗ ಅವರ ಇಚ್ಛಾ ನಡಸೂದು ಮರ್ಯಾದಿ.

ಮೋಟೌನ್ ಮಂಜ
ನೀವೆಲ್ಲ ಎಷ್ಟೇ ಹೇಳಿ, ಜನಕ್ಕೆ ಡೆಟ್ರಾಯಿಟ್ ಅಂದ್ರೆ ಮೋಟೌನ್ ರೆಕಾರ್ಡ್ ಕಂಪನಿ, ಅದರ ಪಾಪ್ ಹಾಡು. ಜಾಝ್ ಅಲ್ಲಿಗೆ ಮುಗೀತು.

ಮಂದ್ರ ಷಡ್ಜ
ಮೋಟೌನ್ ಹಾಡುಗಳ ಹಿಂದೆ ನುಡಿಸಿದವರು ಯಾರು ಮಂಜ? ಫಂಕ್ ಬ್ರದರ್ಸ್. ಅರ್ಲ್ ವ್ಯಾನ್ ಡೈಕ್, ಜೇಮ್ಸ್ ಜೇಮರ್ಸನ್, ಬೆನ್ನಿ ಬೆಂಜಮಿನ್. ಎಲ್ಲ ಜಾಝ್ ಕ್ಲಬ್ಬುಗಳಲ್ಲಿ ಪಳಗಿದ ಕೈ. ಹಗಲು ಸ್ಟುಡಿಯೊ, ರಾತ್ರಿ ಕ್ಲಬ್ಬು. ಮೋಟೌನ್ ಕಟ್ಟಿದ ಬೆರ್ರಿ ಗಾರ್ಡಿ ಅದಕ್ಕೆ ಮುಂಚೆ 1953ರಲ್ಲಿ ಡೆಟ್ರಾಯಿಟಿನಲ್ಲಿ ಒಂದು ರೆಕಾರ್ಡ್ ಅಂಗಡಿ ಇಟ್ಟಿದ್ದರು, ಜಾಝ್ ಪ್ರೀತಿಯಿಂದ. ಬರೋರು ಬ್ಲೂಸ್ ಕೇಳ್ತಿದ್ದರು, ಅಂಗಡಿ ಮುಚ್ಚಿತು.

ಮೋಟೌನ್ ಮಂಜ
ಅದೇ ನಾನು ಹೇಳೋದು! ಜನಕ್ಕೆ ಬೇಕಾದ್ದು ಕೊಟ್ಟಾಗ ಗೆದ್ದರು. ಜೇಮರ್ಸನ್ ಬೇಸ್ ಕೇಳದೆ ಇರೋ ಮನುಷ್ಯ ಭೂಮಿ ಮೇಲೆ ಇದ್ದಾನಾ?

ವುಡ್‌ವರ್ಡ್ ರಸ್ತೆ
1972ರಲ್ಲಿ ಮೋಟೌನ್ ಲಾಸ್ ಏಂಜಲೀಸಿಗೆ ಹೋಯ್ತು. ಆಗ ಊರಲ್ಲಿ ಉಳಿದವರು ಯಾರು? ಮಾರ್ಕಸ್ ಬೆಲ್‌ಗ್ರೇವ್ ಉಳಿದರು. ಪೆನ್ಸಿಲ್ವೇನಿಯಾದ ಚೆಸ್ಟರ್‌ನಲ್ಲಿ ಹುಟ್ಟಿದವರು, ರೇ ಚಾರ್ಲ್ಸ್ ತಂಡದ ಟ್ರಂಪೆಟ್, 1963ರಲ್ಲಿ ಡೆಟ್ರಾಯಿಟಿಗೆ ಬಂದು 2015ರಲ್ಲಿ ಸಾಯೋವರೆಗೆ ಇಲ್ಲೇ ಇದ್ದರು. 1967ರ ಗಲಭೆ, 43 ಜನರ ಸಾವು, ಊರು ಖಾಲಿಯಾಗೋಕೆ ಶುರುವಾಯ್ತು, ಆದ್ರೂ ಹೋಗಲಿಲ್ಲ. ಮಕ್ಕಳನ್ನ ಕೂರಿಸಿಕೊಂಡು ಕಲಿಸಿದರು. ಜೆರಿ ಆಲನ್, ಕೆನ್ನಿ ಗ್ಯಾರೆಟ್, ರೆಜೀನಾ ಕಾರ್ಟರ್, ಬೇಸಿನ ರಾಬರ್ಟ್ ಹರ್ಸ್ಟ್. ಆ ರೆಜೀನಾ 2001ರ ಡಿಸೆಂಬರಿನಲ್ಲಿ ಇಟಲಿಯ ಜಿನೋವಾಕ್ಕೆ ಹೋಗಿ ಹಳೇ ಕಾಲದ ಪಿಟೀಲು ದಿಗ್ಗಜ ಪಗನೀನಿಯ ಸ್ವಂತ ಪಿಟೀಲಿನಲ್ಲಿ ಜಾಝ್ ನುಡಿಸಿದರು. ಮಂಜ, ಜಾಝ್ ಎಲ್ಲಿ ಮುಗೀತು ಹೇಳು.

ಮೋಟೌನ್ ಮಂಜ
ಸರಿ ಅಣ್ಣ, ಆ ಮಾತು ವಾಪಸ್ ತಗೊಂಡೆ. ಜೇಮರ್ಸನ್ ವಿಷಯ ತಗೊಳ್ಳಲ್ಲ.

ಕರಾವಳಿ ಕಿವಿ
ವಿಷಯ ಬಿಟ್ಟು ಕೇಳ್ತಿದ್ದೇನೆ. ಮುಂದಿನ ತಿಂಗಳು ತಮ್ಮನ ಮನೆಗೆ ಟ್ರಾಯ್‌ಗೆ ಬರ್ತಿದ್ದೇನೆ. ಈ ಬೇಕರ್ಸ್‌ಗೆ ಸಸ್ಯಾಹಾರಿಗಳು ಹೋಗಬಹುದಾ?

ವುಡ್‌ವರ್ಡ್ ರಸ್ತೆ
ಸಂಗೀತಕ್ಕೆ ಧಾರಾಳವಾಗಿ ಹೋಗಿ. ಲಿವರ್ನಾಯ್ ರಸ್ತೆ, ಎಯ್ಟ್ ಮೈಲ್ ಹತ್ತಿರ, 1934ರಿಂದ ಇದೆ. ಬಾರ್ ಕಟ್ಟೆಯೇ ಪಿಯಾನೊ ಆಕಾರ, ಮೇಲೆ ಪಿಯಾನೊದ ಕಪ್ಪು ಬಿಳಿ ಕೀಲಿಗಳ ಚಿತ್ರ. ಪಿಯಾನೊ ನುಡಿಸೋರ ಬೆರಳು ಕಾಣಲಿ ಅಂತ ಕನ್ನಡಿ ಓರೆಯಾಗಿ ಹಾಕಿದ್ದಾರೆ. ಅಲ್ಲಿನ ಸ್ಟೈನ್‌ವೇ ಪಿಯಾನೊ ಆರಿಸಿ ಕೊಟ್ಟಿದ್ದು ಟೊಲೀಡೊದ ಪಿಯಾನೊ ವಾದಕ ಆರ್ಟ್ ಟೇಟಮ್. ಊಟ ದಕ್ಷಿಣದ ಕಡೆಯದ್ದು. ಸೊಪ್ಪಿನ ಪಲ್ಯ ಕಂಡ ತಕ್ಷಣ ಹಾಕಿಸ್ಕೋಬೇಡಿ, ಆ ಅಡುಗೆಯಲ್ಲಿ ಸೊಪ್ಪಿಗೂ ಮಾಂಸ ಹಾಕೋ ರೂಢಿ. ಕೇಳಿ ತಗೊಳ್ಳಿ.

ಹಳೇ ಮೇಡಮ್
ಲೇಬರ್ ಡೇ ರಜಾಕ್ಕೆ ಬಂದರೆ ಇನ್ನೂ ಒಳ್ಳೇದು. ಡೆಟ್ರಾಯಿಟ್ ಜಾಝ್ ಫೆಸ್ಟಿವಲ್, 1980ರಿಂದ ನಡೀತಿದೆ, ಪೂರ್ತಿ ಉಚಿತ. ಮಡಚೋ ಕುರ್ಚಿ, ಟೋಪಿ, ಚಿತ್ರಾನ್ನದ ಡಬ್ಬಿ ತಗೊಂಡು ಹೊರಡೋದು ನಮ್ಮ ಪದ್ಧತಿ.

ರೆಕಾರ್ಡ್ ಸಂತೆ
ಜೋನ್ಸ್ ಅಣ್ಣತಮ್ಮಂದಿರ ಬಗ್ಗೆ ಪೂರ್ತಿ ಹೇಳದೆ ಬಿಟ್ಟಿದ್ದೀರಿ. ಪಾಂಟಿಯಾಕಿನ ಒಂದೇ ಮನೆ. ಹಿರಿಯ ಹ್ಯಾಂಕ್, ಪಿಯಾನೊ. ನಡುವಿನ ಥ್ಯಾಡ್, ಟ್ರಂಪೆಟ್ಟು, ಸಂಯೋಜನೆ. ಕಿರಿಯ ಎಲ್ವಿನ್, ಡ್ರಮ್ಸ್. ಥ್ಯಾಡ್ 1966ರಲ್ಲಿ ಮೆಲ್ ಲೂಯಿಸ್ ಜೊತೆ ಶುರು ಮಾಡಿದ ಸೋಮವಾರದ ದೊಡ್ಡ ಬ್ಯಾಂಡಿನ ಪರಂಪರೆ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡಿನಲ್ಲಿ ಇನ್ನೂ ಮುಂದುವರಿದಿದೆ. 1962ರಲ್ಲಿ ಮರ್ಲಿನ್ ಮನ್ರೋ ಅಧ್ಯಕ್ಷ ಕೆನಡಿಗೆ ಹುಟ್ಟುಹಬ್ಬದ ಹಾಡು ಹಾಡಿದಾಗ ಪಿಯಾನೊ ನುಡಿಸಿದ್ದು ಹ್ಯಾಂಕ್ ಜೋನ್ಸ್. ಕೋಟಿಗಟ್ಟಲೆ ಜನ ನೋಡಿರೋ ದೃಶ್ಯ, ಪಿಯಾನೊ ಕಡೆ ಯಾರ ಕಣ್ಣೂ ಹೋಗಲ್ಲ.

ನೋವೈ ಮನೆ
ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ನಿನ್ನೆ ರಾತ್ರಿ ಊಟ ಆದಮೇಲೆ ಇಡೀ ಚರ್ಚೆಯನ್ನ ಮಗಳಿಗೆ ಓದಿ ಹೇಳಿದೆ. ಕ್ಲಾಸಿನಲ್ಲಿ ಈಗಾಗಲೇ ಇಬ್ಬರು ರಾನ್ ಕಾರ್ಟರ್, ಒಬ್ಬ ಕೆನ್ನಿ ಗ್ಯಾರೆಟ್, ಒಬ್ಬಳು ಆಲಿಸ್ ಕೋಲ್ಟ್ರೇನ್ ತಗೊಂಡಿದ್ದಾರಂತೆ. ಇವಳು ಕೇಳಿದ್ದು ಒಂದೇ ಪ್ರಶ್ನೆ: ಬ್ಲೂ ಬರ್ಡ್‌ನಲ್ಲಿ ಪಿಯಾನೊ ನುಡಿಸ್ತಿದ್ದ ಟೆರಿ ಪೊಲ್ಲಾರ್ಡ್ ಯಾರು, ಅವರ ಬಗ್ಗೆ ಯಾಕೆ ಯಾರೂ ಏನೂ ಬರೆದಿಲ್ಲ?

ಮಂದ್ರ ಷಡ್ಜ
ನನಗೆ ನಾಚಿಕೆ ಆಯ್ತು. ಹೆಸರು ಹಾಕಿ ಮುಂದೆ ಹೋಗಿಬಿಟ್ಟೆ.

ಹಳೇ ಮೇಡಮ್
ನಿಮ್ಮ ಮಗಳಿಗೆ ನನ್ನ ಆಶೀರ್ವಾದ ಹೇಳಿ. ಟೆರಿ ಪೊಲ್ಲಾರ್ಡ್ ಹುಟ್ಟಿದ್ದು 1931, ಡೆಟ್ರಾಯಿಟ್. ಪಿಯಾನೊ ಮತ್ತು ವೈಬ್ರಾಫೋನ್ (ಲೋಹದ ಪಟ್ಟಿಗಳ ಮೇಲೆ ಕೋಲಿಂದ ಬಾರಿಸೋ ವಾದ್ಯ) ಎರಡೂ. 1953ರಲ್ಲಿ ಟೆರಿ ಗಿಬ್ಸ್ ತಂಡ ಸೇರಿ ದೇಶ ಸುತ್ತಿದರು. ತಮ್ಮ ಹೆಸರಲ್ಲಿ ಒಂದು ರೆಕಾರ್ಡ್ ಮಾಡಿದರು, 1955ರಲ್ಲಿ, ಬೆತ್ಲೆಹೆಮ್ ಕಂಪನಿಗೆ. ಮರುವರ್ಷ ಡೌನ್‌ಬೀಟ್ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ ಬಂತು. ಆಮೇಲೆ ಸಂಸಾರ, ಮಕ್ಕಳು ಅಂತ ಊರಿಗೆ ವಾಪಸ್ ಬಂದು ಇಲ್ಲೇ ನುಡಿಸ್ತಾ ಉಳಿದರು. ನ್ಯೂಯಾರ್ಕಿನಲ್ಲಿ ಉಳಿದವರ ಹೆಸರು ರೆಕಾರ್ಡುಗಳ ಮೇಲಿದೆ. ಊರಿಗೆ ಬಂದವರನ್ನ ಊರಿನವರಷ್ಟೇ ನೆನಪಿಟ್ಟುಕೊಂಡರು.

ತಂಬೂರಿ ತಂತಿ
ಅದೇ ಗಿಬ್ಸ್ ತಂಡಕ್ಕೆ ಕೆಲವು ವರ್ಷ ಬಿಟ್ಟು ಪಿಯಾನೊಗೆ ಬಂದವರು ಆಲಿಸ್ ಮೆಕ್‌ಲೌಡ್. ಆ ತಂಡದಲ್ಲಿದ್ದಾಗಲೇ ಜಾನ್ ಕೋಲ್ಟ್ರೇನ್ ಪರಿಚಯ ಆಗಿದ್ದು.

ರೆಕಾರ್ಡ್ ಸಂತೆ
ಅಕ್ಕ, ಒಂದು ಹಳೇ ಟೀವಿ ತುಣುಕು ಇದೆ, ಹುಡುಕಿ. 1956, ಸ್ಟೀವ್ ಆಲನ್ ನಡೆಸುತ್ತಿದ್ದ ‘ಟುನೈಟ್’ ಕಾರ್ಯಕ್ರಮ. ಗಿಬ್ಸ್, ಪೊಲ್ಲಾರ್ಡ್ ಇಬ್ಬರೂ ಒಂದೇ ವೈಬ್ರಾಫೋನ್ ಮುಂದೆ ನಿಂತು ಜಿದ್ದಿಗೆ ಬಿದ್ದು ಬಾರಿಸ್ತಾರೆ.

ನೋವೈ ಮನೆ
ಸಿಕ್ತು. ನಾಲ್ಕು ಸಲ ನೋಡಿಯಾಯ್ತು. ಮಗಳು ಅದನ್ನೇ ಕ್ಲಾಸಿನಲ್ಲಿ ತೋರಿಸ್ತಾಳಂತೆ. ಈಗ ಅಡುಗೆಮನೆಯಲ್ಲಿ ಎರಡು ಸೌಟು ಹಿಡ್ಕೊಂಡು ಸ್ಟೀಲ್ ಡಬ್ಬಿಗಳ ಮೇಲೆ ಶುರು ಮಾಡಿದ್ದಾಳೆ, ಅವಳ ಅಪ್ಪ ಇನ್ನೊಂದು ಕಡೆಯಿಂದ.